ರೇಸ್ ಮುಗಿಸಿದ ಕುದುರೆನ ಸ್ಟಡ್‌ಗೆ ತಯಾರು ಮಾಡಿದ್ದು – ನನ್ನ ಅನುಭವ

ಎರಡು ವರ್ಷದ ಮರಿ ಆಗಿದ್ದಾಗಿಂದ ಅವನ ಲಾಯದ ಕೆಲಸ ನಂದೇ. ಐದನೇ ವಯಸ್ಸಲ್ಲಿ ಒಂದಿನ ಬೆಳಿಗ್ಗೆ ಬ್ಯಾಂಡೇಜ್ ಬಿಚ್ಚಿ ಕೈಯಾಡಿಸಿದ್ರೆ ಮುಂಗಾಲು ಮೊಣಕಾಲಿಂದ ಕೆಳಗೆ ಬಿಸಿ, ಸ್ವಲ್ಪ ಊತ, ಕುಂಟ್ತಾನೂ ಇರ್ಲಿಲ್ಲ, ಆದ್ರೆ ಸ್ಕ್ಯಾನಲ್ಲಿ ಟೆಂಡನ್ (ಸ್ನಾಯುನ ಮೂಳೆಗೆ ಕಟ್ಟಿರೋ ನಾರು) ಎಳೆ ಹರಿದಿರೋದು ಕಾಣಿಸ್ತು. ಅಲ್ಲಿಗೆ ರೇಸ್ ಮುಗೀತು.

ಮುಂದೆ ಸ್ಟಡ್, ಅಂದ್ರೆ ಹೆಣ್ಣು ಕುದುರೆಗಳ ಜೊತೆ ಕೂಡಿಸಿ ಮರಿ ಹುಟ್ಟಿಸೋ ಕೆಲಸ. ನಂಗೆ ಭಯ ಇದ್ದಿದ್ದು ಸಿಗಾರ್ ಕಥೆ ಗೊತ್ತಿದ್ದಕ್ಕೆ. ಸತತ 16 ರೇಸ್ ಗೆದ್ದ ಕುದುರೆ ಅದು, ಸ್ಟಡ್‌ಗೆ ಹೋದ್ಮೇಲೆ ಒಂದೇ ಒಂದು ಹೆಣ್ಣು ಕುದುರೆನೂ ಗಬ್ಬ ಆಗ್ಲಿಲ್ಲ. ಓಟಕ್ಕೂ ಇದಕ್ಕೂ ಸಂಬಂಧನೇ ಇಲ್ಲ. ಥರೋಬ್ರೆಡ್‌ನಲ್ಲಿ, ಅಂದ್ರೆ ಇವನಂಥ ರೇಸ್ ಕುದುರೆಗಳ ತಳಿಯಲ್ಲಿ, ಕೃತಕ ಗರ್ಭಧಾರಣೆಯಿಂದ ಹುಟ್ಟಿದ ಮರಿಗೆ ರಿಜಿಸ್ಟ್ರೇಶನ್ ಕೊಡಲ್ಲ, ಅಂದ್ರೆ ಪ್ರತಿ ಸಲನೂ ಅವನೇ ಹತ್ತಬೇಕು.

ಮೊದಲು ಕೆಲವು ತಿಂಗಳು ಕಾಳು ಕಮ್ಮಿ ಮಾಡಿ, ಒಬ್ಬನ್ನೇ ಪ್ಯಾಡಕ್‌ನಲ್ಲಿ (ಬೇಲಿ ಹಾಕಿದ ಬಯಲಲ್ಲಿ) ಬಿಟ್ವಿ, ರೇಸಿನ ಆ ಬಿಗಿ ಇಳಿಯೋಕೆ ಅಷ್ಟು ಟೈಮ್ ಬೇಕೇ ಬೇಕು. ಕಷ್ಟ ಶುರುವಾಗಿದ್ದು ಆಮೇಲೆ. ಮೂರು ವರ್ಷ ಹೆಣ್ಣು ಕುದುರೆ ನೋಡಿ ಕೆನೆದ್ರೆ ನಾನೇ ಗದರಿಸಿ ಸುಮ್ಮನಿರಿಸಿದ್ದೆ, ಈಗ ಅದೇ ನಾನು ಅವನನ್ನ ಹೆಣ್ಣಿನ ಹತ್ರ ಕರ್ಕೊಂಡು ಹೋದ್ರೆ ಅವನು ನನ್ನ ಮುಖ ನೋಡ್ತಾನೆ, ನಾನೆಲ್ಲಿ ಬೈತೀನೋ ಅಂತ! ಅದು ನೋಡಿ ನಿಜವಾಗ್ಲೂ ಕರುಳು ಚುರ್ ಅಂತು. ಅದಕ್ಕೆ ಕವರಿಂಗ್‌ಗೆ (ಹೆಣ್ಣಿನ ಮೇಲೆ ಹತ್ತಿಸೋದಕ್ಕೆ) ಅಂತಾನೇ ಬೇರೆ ಲಗಾಮು ಇಟ್ಟೆ, ವಾಕಿಂಗ್‌ಗೆ ಅದನ್ನ ಯಾವತ್ತೂ ಹಾಕ್ಲಿಲ್ಲ. ನಾಲ್ಕೈದು ಸಲ ಆದ್ಮೇಲೆ ಆ ಲಗಾಮು ಸದ್ದು ಕೇಳಿದ್ರೆ ಸಾಕು, ಅವನಿಗೆ ಕೆಲಸ ಏನು ಅಂತ ಗೊತ್ತಾಗ್ತಿತ್ತು.

ಮೊದಲ ಹೆಣ್ಣು ವಯಸ್ಸಾಗಿರೋದು, ಶಾಂತ ಸ್ವಭಾವದ್ದು, ಸುಮಾರು ಮರಿ ಹಾಕಿರೋದು ಇರ್ಲೇಬೇಕು, ಇದ್ರಲ್ಲಿ ಮಾತ್ರ ರಾಜಿ ಬೇಡ. ಒಂದು ಒದೆ ಬಿದ್ರೆ ಗಂಡು ವರ್ಷಗಟ್ಟಲೆ ಹೆದರ್ಕೊಳ್ಳಬಹುದು. ಹೆಣ್ಣು ಬೆದೆಗೆ ಬಂದಿದ್ಯಾ ಅಂತ ಟೀಸರ್ ಕುದುರೆ (ಬೆದೆ ಪರೀಕ್ಷೆಗೆ ಅಂತಾನೇ ಇಟ್ಟಿರೋ ಬೇರೆ ಗಂಡು) ತೋರಿಸಿ ನೋಡಿ, ಡಾಕ್ಟ್ರು ಸ್ಕ್ಯಾನ್ ಮಾಡಿ ಹೂಂ ಅಂದ್ಮೇಲೆ ಆ ಹೆಣ್ಣಿನ ಹಿಂಗಾಲಿಗೆ ದಪ್ಪ ಬೂಟು ಕಟ್ಟಿ ನಿಲ್ಲಿಸಿದ್ವಿ. ಇವನು ಪಕ್ಕದಿಂದ ಹತ್ತೋಕೆ ಹೋದ, ಇಳಿದ, ಮತ್ತೆ ಹೋದ. ಯಾರೂ ಕೂಗ್ಲಿಲ್ಲ, ಎಳೀಲಿಲ್ಲ. ಕೊನೆಗೆ ಸರಿಯಾಗಿ ಹತ್ತಿದ, ಬಾಲ ಮೇಲೆ ಕೆಳಗೆ ಆಡಿಸಿದ, ಕೆಲಸ ಆಯ್ತು ಅನ್ನೋದಕ್ಕೆ ನಾವು ನೋಡೋ ಗುರುತು ಅದೇ.

15ನೇ ದಿನ ಸ್ಕ್ಯಾನ್. ಅವಳಿ ಇದ್ರೆ ಅವತ್ತೇ ಒಂದನ್ನ ತೆಗೀಬೇಕು, ಬಿಟ್ರೆ ಎರಡೂ ಉಳಿಯೋದು ಅಪರೂಪ. ಸ್ಕ್ರೀನ್ ಮೇಲೆ ಒಂದೇ ಒಂದು ಕಪ್ಪು ಚುಕ್ಕೆ, ಗುಂಡಗೆ. ಹನ್ನೊಂದು ತಿಂಗಳಿಗೆ ಮರಿ ಬಂತು, ಅದು ಓಡುತ್ತಾ ಇಲ್ವಾ ಗೊತ್ತಾಗೋಕೆ ಇನ್ನೂ ಎರಡು ವರ್ಷ ಕಾಯ್ಬೇಕು, ಈಗ ದಿನಾ ಬೆಳಿಗ್ಗೆ ಅದರ ಕಾಲು ಮುಟ್ಟಿ ನೋಡ್ತಿದೀನಿ.