ಬಟ್ಟೆ ಬೇಡದ ಹಡಗಿಗೆ ಮುಂಗಡ ಕಟ್ಟುವ ಮುಂಚೆ

ಅಮೆರಿಕದ ಫ್ಲೋರಿಡಾದಲ್ಲಿ, ಟ್ಯಾಂಪಾದ ಮನೆಯಲ್ಲೇ ಕೂತು ಕ್ರೂಸ್ ಬುಕಿಂಗ್ ಮಾಡಿಕೊಡುವುದು ನನ್ನ ಕಸುಬು, ಹದಿನಾರು ವರ್ಷದಿಂದ. ನಮ್ಮ ಕಡೆಯವರು ಫೋನಿನಲ್ಲಿ ಕೇಳುವುದು ಎರಡೇ ಪ್ರಶ್ನೆ: ಮೊಟ್ಟೆ ಹಾಕದ ಊಟ ಸಿಗುತ್ತಾ, ಅತ್ತೆಯ ವೀಲ್‌ಚೇರ್ ಹತ್ತಿಸುತ್ತಾರಾ. ಮೂರನೆಯ ಪ್ರಶ್ನೆ ರಾತ್ರಿ ಹನ್ನೊಂದರ ಮೇಲೆ ವಾಟ್ಸಾಪಿನಲ್ಲಿ ಬರುತ್ತದೆ: "ಮೇಡಂ, ಬಟ್ಟೆ ಹಾಕದ ಕ್ರೂಸ್ ಅಂತ ಇದೆಯಂತಲ್ಲ, ನಿಜಾನಾ? ನಮ್ಮ ಸ್ನೇಹಿತರೊಬ್ರು ಕೇಳ್ತಿದ್ರು."

ಆ ಸ್ನೇಹಿತರಿಗಾಗಿಯೇ ಇದನ್ನು ಬರೆದಿಟ್ಟಿದ್ದೇನೆ. ಇದೆ, ನಿಜ. ನಾನೂ ನಮ್ಮ ಯಜಮಾನರೂ ಒಮ್ಮೆ ಹೋಗಿಬಂದಿದ್ದೇವೆ. ನಾನು ಚನ್ನರಾಯಪಟ್ಟಣದವಳು, ಬೆತ್ತಲೆ ಅಂದರೆ ನಮಗೆ ಪಕ್ಕದ ಬೆಟ್ಟದ ಮೇಲಿನ 58 ಅಡಿ ಗೊಮ್ಮಟ. ಆದರೆ ದಯವಿಟ್ಟು ಅವನ ಹೆಸರು ಹೇಳಿಕೊಂಡು ಈ ಪ್ರವಾಸಕ್ಕೆ ಹೊರಡಬೇಡಿ. ಅವನು ಎಲ್ಲ ಬಿಟ್ಟು ನಿಂತವನು. ಇಲ್ಲಿ ಬರುವವರು ಬಾಲ್ಕನಿ ರೂಮಿಗೆ ಎಷ್ಟು ಹೆಚ್ಚು ಅಂತ ಚೌಕಾಸಿ ಮಾಡುವವರು.

ಮೊದಲು ದುಡ್ಡಿನ ಲೆಕ್ಕ ಅರ್ಥವಾಗಬೇಕು, ಉಳಿದದ್ದೆಲ್ಲ ಆಮೇಲೆ. ಇಂಥ ಪ್ರವಾಸವನ್ನು ಹಡಗಿನ ಕಂಪನಿ ನಡೆಸುವುದಿಲ್ಲ. ಕಲ್ಯಾಣ ಮಂಟಪ ಹಿಡಿದ ಹಾಗೆ, ಒಬ್ಬ ಆಯೋಜಕರು ಇಡೀ ಹಡಗನ್ನು ಬಾಡಿಗೆಗೆ ಹಿಡಿಯುತ್ತಾರೆ. ಇನ್ನೂರು ಎಲೆ ಬಿದ್ದರೂ ಅಷ್ಟೆ, ಸಾವಿರ ಎಲೆ ಬಿದ್ದರೂ ಅಷ್ಟೆ, ಮಂಟಪದವನಿಗೆ ಅವನ ಬಾಡಿಗೆ ಬರುತ್ತದೆ. ರೂಮು ಖಾಲಿ ಉಳಿದರೆ ನಷ್ಟ ಆಯೋಜಕರ ತಲೆಗೆ. ಟೆಕ್ಸಾಸ್‌ನ ಬೇರ್ ನೆಸೆಸಿಟೀಸ್ ಎಂಬ ಸಂಸ್ಥೆ 1990ರಿಂದ ಇದೇ ವ್ಯವಹಾರದಲ್ಲಿದೆ. 2025ರ ಫೆಬ್ರವರಿಯಲ್ಲಿ ಅವರು ನಾರ್ವೇಜಿಯನ್ ಪರ್ಲ್ ಹಡಗನ್ನು ಹಿಡಿದು ಮಯಾಮಿಯಿಂದ 11 ದಿನದ ಕೆರಿಬಿಯನ್ ಯಾತ್ರೆ ಮಾಡಿಸಿದರು. ಎರಡು ಸಾವಿರ ಚಿಲ್ಲರೆ ಜನ ಹಿಡಿಸುವ ಹಡಗು. ಕಿಟಕಿಯಿಲ್ಲದ ಒಳರೂಮಿಗೆ ತಲಾ ಸುಮಾರು 2,000 ಡಾಲರಿನಿಂದ ಶುರುವಾಗಿ, ಮೇಲಿನ ದೊಡ್ಡ ವಿಲ್ಲಾಕ್ಕೆ 33,000 ದಾಟಿತ್ತು.

ಮಂಟಪದ ಈ ಲೆಕ್ಕ ನಿಮ್ಮ ಜೇಬಿಗೆ ಹೇಗೆ ಬಂದು ತಟ್ಟುತ್ತದೆ ನೋಡಿ. ಮಾಮೂಲಿ ಕ್ರೂಸಿನಲ್ಲಿ ಹೊರಡುವ ಮೂರು ವಾರದ ಮುಂಚೆ ಅರ್ಧ ಬೆಲೆಗೆ ರೂಮು ಕೊಡಿಸಿದ್ದೇನೆ; ಇಲ್ಲಿ ಆ ಆಸೆ ಇಟ್ಟುಕೊಳ್ಳಬೇಡಿ. ಬಾಡಿಗೆ ಕಟ್ಟಬೇಕಾದವರು ಮುಂಚೆಯೇ ಮಾರುತ್ತಾರೆ, ಹಳೆಯ ಪ್ರಯಾಣಿಕರು ವರ್ಷದ ಹಿಂದೆಯೇ ಒಳ್ಳೆಯ ರೂಮು ಹಿಡಿದಿರುತ್ತಾರೆ. ರದ್ದು ಮಾಡಿದರೆ ಅನ್ವಯಿಸುವುದು ಆಯೋಜಕರ ನಿಯಮ, ಹಡಗಿನ ಕಂಪನಿಯ ವೆಬ್‌ಸೈಟಿನಲ್ಲಿ ಓದಿದ್ದಲ್ಲ. ಇದನ್ನು ನಾನು ಕಷ್ಟಪಟ್ಟು ಕಲಿತೆ. ನನ್ನ ಗ್ರಾಹಕರೊಬ್ಬರು ಮಂಡಿ ಆಪರೇಷನ್ ಅಂತ ಎರಡು ತಿಂಗಳ ಮುಂಚೆ ಕೈಬಿಟ್ಟರು. ಹಡಗಿನ ನಿಯಮ ನೋಡಿ "ಪೂರ್ತಿ ಹೋಗಲ್ಲ ಬಿಡಿ ಸಾರ್" ಅಂದಿದ್ದೆ. ಪೂರ್ತಿ ಹೋಯಿತು. ಒಬ್ಬರೇ ಹೋದರೆ ಎಷ್ಟು ಹೆಚ್ಚು ಕಟ್ಟಬೇಕು, ಟಿಪ್ಸ್ ಬೆಲೆಯಲ್ಲಿ ಸೇರಿದೆಯೇ, ಹಡಗಿನ ಕಂಪನಿಯ ನಿಮ್ಮ ಹಳೆಯ ಪಾಯಿಂಟ್‌ಗಳು ಲೆಕ್ಕಕ್ಕೆ ಬರುತ್ತವೆಯೇ, ಮೂರನ್ನೂ ಮುಂಗಡ ಕಟ್ಟುವ ಮುಂಚೆ ಬರಹದಲ್ಲಿ ತರಿಸಿಕೊಳ್ಳಿ.

ಬಟ್ಟೆಯಿಲ್ಲದೆ ರಜೆ ಕಳೆಯುವ ಈ ನೇಚರಿಸ್ಟ್ ಪ್ರವಾಸ ಅಂದರೆ ಹಡಗೇ ಅಂತಲೂ ತಿಳಿಯಬೇಡಿ. ಅದು ಹಬ್ಬದಡುಗೆ, ದಿನನಿತ್ಯದ ಊಟ ಇರುವುದು ನೆಲದ ಮೇಲೆ. ಫ್ರಾನ್ಸಿನ ಮೊಂತಾಲಿವೆಯಲ್ಲಿ 1950ರಲ್ಲೇ ಇದಕ್ಕೆಂದು ರಜಾಕೇಂದ್ರ ತೆರೆದರು, 1953ರಲ್ಲಿ ನೇಚರಿಸ್ಟರ ಅಂತರರಾಷ್ಟ್ರೀಯ ಒಕ್ಕೂಟ ಹುಟ್ಟಿದ್ದೂ ಅಲ್ಲೇ. ಕ್ರೊಯೇಷಿಯಾದ ಕೊವರ್ಸಾದ ಎಂಬ ರಜಾಕೇಂದ್ರ 1961ರದು. ಫ್ರಾನ್ಸಿನದೇ ಕ್ಯಾಪ್ ದಾಗ್ದ್‌ನ ಬೆತ್ತಲೆ ಊರಿಗೆ ಬೇಸಿಗೆಯ ನಡುವೆ ದಿನಕ್ಕೆ ನಲವತ್ತು ಸಾವಿರದವರೆಗೂ ಜನ ಸೇರುತ್ತಾರೆ ಅನ್ನುತ್ತಾರೆ. ಅಲ್ಲಿ ಅಂಗಡಿ, ಹೋಟೆಲು, ಬ್ಯಾಂಕು ಎಲ್ಲ ಉಂಟು. ಯುರೋಪಿನವರು ಟೆಂಟು, ಕ್ಯಾರವಾನ್ ಹಾಕಿಕೊಂಡು ವಾರಗಟ್ಟಲೆ ಇರುತ್ತಾರೆ, ಬ್ರೆಡ್ಡು ತರಕಾರಿ ಅಲ್ಲೇ ಕೊಳ್ಳುತ್ತಾರೆ, ದುಡ್ಡು ಆ ಊರಲ್ಲೇ ಇಳಿಯುತ್ತದೆ. ಹಡಗಿನ ದುಡ್ಡಿನ ಹೆಚ್ಚು ಪಾಲು ಹಡಗಿನಲ್ಲೇ ಉಳಿಯುತ್ತದೆ. ದ್ವೀಪಕ್ಕೆ ಸಿಗುವುದು ಟ್ಯಾಕ್ಸಿ, ಕುರ್ಚಿ-ಕೊಡೆಯ ಬಾಡಿಗೆ, ಒಂದು ಬಿಯರು. ಕೆರಿಬಿಯನ್ ದ್ವೀಪವಾದ ಸೇಂಟ್ ಮಾರ್ಟಿನ್‌ನ ಓರಿಯಂಟ್ ಕೊಲ್ಲಿಯಲ್ಲಿ ಕ್ಲಬ್ ಓರಿಯಂಟ್ ಅನ್ನುವ ಹೆಸರಾಂತ ನೇಚರಿಸ್ಟ್ ರೆಸಾರ್ಟ್ ಇತ್ತು. 2017ರ ಸೆಪ್ಟೆಂಬರಿನ ಇರ್ಮಾ ಚಂಡಮಾರುತ ಅದನ್ನು ನೆಲಸಮ ಮಾಡಿತು. ಹಡಗಾದರೆ ಬಿರುಗಾಳಿ ಕಂಡರೆ ದಿಕ್ಕು ಬದಲಿಸುತ್ತದೆ. ರೆಸಾರ್ಟಿಗೆ ಎಲ್ಲಿಗೆ ಹೋಗಲು ಸಾಧ್ಯ?

ಹಾಗಾಗಿ ಎರಡು ಸಾವಿರ ಡಾಲರು ಕಟ್ಟುವ ಮುಂಚೆ ಒಂದು ದಿನದ ಪಾರ್ಕಿಂಗ್ ದುಡ್ಡು ಖರ್ಚು ಮಾಡಿ ನೋಡಿ. ಮಯಾಮಿಯ ಹಾಲೋವರ್ ಬೀಚಿನಲ್ಲಿ 1991ರಿಂದ ಒಂದು ಭಾಗ ಕ್ಲೋದಿಂಗ್ ಆಪ್ಷನಲ್, ಅಂದರೆ ಬಟ್ಟೆ ನಿಮ್ಮಿಷ್ಟ. ಲೈಫ್‌ಗಾರ್ಡ್ ಗೋಪುರ 12ರಿಂದ 16ರ ನಡುವೆ. ನಮ್ಮ ಟ್ಯಾಂಪಾದ ಉತ್ತರಕ್ಕೆ ಪಾಸ್ಕೋ ಕೌಂಟಿಯಲ್ಲಂತೂ 1941ರ ಲೇಕ್ ಕೋಮೋದಿಂದ ಹಿಡಿದು ಸಾಲಾಗಿ ಇಂಥ ರೆಸಾರ್ಟುಗಳಿವೆ. ನನ್ನ ಇಂಥ ಗ್ರಾಹಕರಲ್ಲಿ ಮುಕ್ಕಾಲು ಪಾಲು ಆ ಕಡೆಯವರೇ. ಒಂದು ಮಧ್ಯಾಹ್ನ ಅಲ್ಲಿ ಕೂತು "ಯಾವಾಗ ಎದ್ದು ಹೋಗೋಣ" ಅನ್ನಿಸಿದರೆ ನಿಮಗೆ ಸಾವಿರಾರು ಡಾಲರು ಉಳಿಯಿತು. ಸಂಗಾತಿ ಒಲ್ಲೆ ಅಂದರೆ ಅಲ್ಲಿಗೇ ಬಿಡಿ. ಬಲವಂತಕ್ಕೆ ಬಂದವರ ಮುಖ ಹಡಗಿನಲ್ಲಿ ದೂರದಿಂದಲೇ ಗೊತ್ತಾಗುತ್ತದೆ.

ಇನ್ನು ಪಾಸ್‌ಪೋರ್ಟು. ನಮ್ಮವರು ಎಡವುವುದು ನಾಚಿಕೆಯಲ್ಲಲ್ಲ, ಇಲ್ಲಿ. ಅಮೆರಿಕದಲ್ಲಿ ಎಚ್‌ಒನ್‌ಬಿ ಕೆಲಸದ ವೀಸಾದಲ್ಲಿ ಇದ್ದು ಪಾಸ್‌ಪೋರ್ಟಿನ ವೀಸಾ ಸ್ಟಾಂಪಿನ ಅವಧಿ ಮುಗಿದಿದ್ದರೆ ಕೆರಿಬಿಯನ್ ಕ್ರೂಸ್ ಹತ್ತಲೇಬೇಡಿ. ಕೆನಡಾ, ಮೆಕ್ಸಿಕೋಗೆ ಹೋಗಿ ಮೂವತ್ತು ದಿನದೊಳಗೆ ಹಳೆಯ ಸ್ಟಾಂಪಿನಲ್ಲೇ ವಾಪಸು ಬರುವ ಸವಲತ್ತು ಇದೆಯಲ್ಲ, ಅದು ದ್ವೀಪಗಳಿಗೆ ವಿಸ್ತರಿಸುವುದು ವಿದ್ಯಾರ್ಥಿ ಮತ್ತು ಎಕ್ಸ್‌ಚೇಂಜ್ ವೀಸಾದವರಿಗೆ ಮಾತ್ರ. ಬೆಂಗಳೂರಿನಿಂದ ಬರುವವರಿಗೆ ಒಂದೇ ಪ್ರವೇಶದ ಅಮೆರಿಕ ವೀಸಾ ಸಾಲದು, ಏಕೆಂದರೆ ಹಡಗು ಹೊರಗೆ ಹೋಗಿ ಮತ್ತೆ ಮಯಾಮಿಗೇ ಬರುತ್ತದೆ. ಮಾರ್ಟಿನಿಕ್‌ನಂಥ ಫ್ರೆಂಚ್ ದ್ವೀಪಗಳ ನಿಯಮವೇ ಬೇರೆ. ಪ್ರತಿ ಬಂದರಿಗೂ ಕೇಳಿ ತಿಳಿದುಕೊಳ್ಳಿ.

ಬಟ್ಟೆ ಬೇಡದ ಹಡಗು ಅಂತ ಬಟ್ಟೆ ಒಯ್ಯದೆ ಹೋಗಬೇಡಿ. ಬಂದರಿನಲ್ಲಿ ನಿಂತಷ್ಟು ಹೊತ್ತು ಎಲ್ಲರೂ ಬಟ್ಟೆ ತೊಟ್ಟಿರಬೇಕು. ಟೇಬಲ್ಲಿಗೆ ಬಡಿಸುವ ಡೈನಿಂಗ್ ಹಾಲಿನಲ್ಲಿ ಬಟ್ಟೆ ಕಡ್ಡಾಯ, ಸ್ನಾನದ ಗೌನ್ ನಡೆಯುವುದಿಲ್ಲ. ಬಫೆಯಲ್ಲಿ ಬೇಕಿಲ್ಲ. ಎಲ್ಲೇ ಕೂತರೂ ಕೆಳಗೆ ಟವೆಲ್ ಇರಲೇಬೇಕು, ಇದು ಮಡಿಗಿಂತ ಕಟ್ಟುನಿಟ್ಟು. ಈಜುಕೊಳದ ಬಳಿ ಫೋಟೋ ಇಲ್ಲ. ಯಾರನ್ನೂ ಅಸಭ್ಯವಾಗಿ ಮುಟ್ಟುವಂತಿಲ್ಲ. ಮೀರಿದವರನ್ನು ಮುಂದಿನ ಬಂದರಿನಲ್ಲಿ ಇಳಿಸುತ್ತಾರೆ, ದುಡ್ಡು ವಾಪಸಿಲ್ಲ. ಬೇರೇನೋ ಹುಡುಕಿಕೊಂಡು ಹೋಗುವವರಿಗೆ ಅಲ್ಲಿ ಸಿಗುವುದು ನಿರಾಸೆಯೇ: ಬಹುಪಾಲು ನಿವೃತ್ತರು, ಮಾತು ಬಂದರೆ ಮೊಮ್ಮಕ್ಕಳದ್ದು, ಬಿ.ಪಿ. ಮಾತ್ರೆಯದ್ದು.

ಸನ್‌ಸ್ಕ್ರೀನ್ ನೀವು ಅಂದುಕೊಂಡದ್ದರ ಎರಡರಷ್ಟು ಒಯ್ಯಿರಿ. ಬಿಸಿಲು ಕಾಣದ ಜಾಗ ಎಷ್ಟಿದೆ ಅಂತ ಮೊದಲ ದಿನವೇ ಗೊತ್ತಾಗುತ್ತದೆ; ಯಜಮಾನರು ಎರಡನೆಯ ದಿನ ನಿಂತೇ ತಿಂಡಿ ತಿಂದರು. ಕುತ್ತಿಗೆಗೆ ಹಾಕುವ ದಾರ ಮರೆಯಬೇಡಿ. ಜೇಬೇ ಇಲ್ಲದ ಮೇಲೆ ರೂಮಿನ ಕಾರ್ಡು, ಕನ್ನಡಕ ಎಲ್ಲಿಡುತ್ತೀರಿ?

ಮೊದಲ ಸಂಜೆ ಹಡಗು ದಡ ಬಿಟ್ಟು, ಇನ್ನು ಬಟ್ಟೆ ನಿಮ್ಮಿಷ್ಟ ಅಂತ ಧ್ವನಿವರ್ಧಕದಲ್ಲಿ ಹೇಳಿದಾಗ ನಾನು ಲಿಫ್ಟಿನಲ್ಲಿದ್ದೆ, ಚೂಡಿದಾರದಲ್ಲಿ. ಐದನೆಯ ಮಹಡಿಯಲ್ಲಿ ಬಾಗಿಲು ತೆರೆಯಿತು. ಎಪ್ಪತ್ತರ ಆಸುಪಾಸಿನ ದಂಪತಿ, ಹೆಗಲ ಮೇಲೆ ಟವೆಲ್, ಕಾಲಲ್ಲಿ ಚಪ್ಪಲಿ, ಇನ್ನೇನೂ ಇಲ್ಲ. "ಹನ್ನೆರಡು ಒತ್ತುತ್ತೀರಾ?" ಅಂದರು. ಒತ್ತಿದೆ. ಏಳು ಮಹಡಿ ಅಂಕಿಗಳನ್ನೇ ನೋಡುತ್ತ ನಿಂತೆ. ಇಳಿಯುವಾಗ ಆಕೆ ನನ್ನ ದುಪಟ್ಟಾ ಮುಟ್ಟಿ, ಬಣ್ಣ ಬಹಳ ಚೆನ್ನಾಗಿದೆ, ಎಲ್ಲಿ ಕೊಂಡಿರಿ ಅಂದಳು. ನನ್ನ ಅರ್ಧ ನಾಚಿಕೆ ಅಲ್ಲೇ ಇಳಿಯಿತು. ಉಳಿದರ್ಧಕ್ಕೆ ಇನ್ನೂ ಒಂದೂವರೆ ದಿನ ಬೇಕಾಯಿತು. ನಿಮ್ಮ ನಾಚಿಕೆ ಇಳಿಯದೇ ಇದ್ದರೂ ತೊಂದರೆಯಿಲ್ಲ, ಆಪ್ಷನಲ್ ಅಂದರೆ ಆಪ್ಷನಲ್ಲೇ. ಯಾರೂ ಒತ್ತಾಯ ಮಾಡುವುದಿಲ್ಲ.

"ಕನ್ನಡ ಕೂಟದವರು ಯಾರಾದರೂ ಸಿಕ್ಕಿಬಿಟ್ಟರೆ?" ಅನ್ನುವುದು ಆ ರಾತ್ರಿಯ ವಾಟ್ಸಾಪಿನ ಕೊನೆಯ ಪ್ರಶ್ನೆ. ಸಿಕ್ಕರೆ ಅವರೂ ಸಿಕ್ಕಿಬಿದ್ದ ಹಾಗೇ ಅಲ್ಲವೇ. ನನಗೆ ಸಿಗಲಿಲ್ಲ. ಕೊನೆಯ ಬೆಳಿಗ್ಗೆ ಇಳಿಯುವ ಸಾಲಿನಲ್ಲಿ ಎಲ್ಲರೂ ಜೀನ್ಸು, ಅಂಗಿ, ಜಾಕೆಟ್ಟು ತೊಟ್ಟು ನಿಂತಿದ್ದಾಗ ಮಾತ್ರ ಪೇಚಾಟವಾಯಿತು. ಹತ್ತು ದಿನ ಒಂದೇ ಬಿಸಿನೀರಿನ ತೊಟ್ಟಿಯಲ್ಲಿ ಕೂತು ಹರಟಿದವರು ಎದುರಿಗೆ ನಿಂತು ನಗುತ್ತಿದ್ದಾರೆ, ನನಗೆ ಗುರುತೇ ಸಿಗುತ್ತಿಲ್ಲ. "ನಾನು ಕಣೆ, ದುಪಟ್ಟಾ ಕೇಳಿದವಳು" ಅನ್ನುವ ಧಾಟಿಯಲ್ಲಿ ಆಕೆಯೇ ನೆನಪಿಸಬೇಕಾಯಿತು.