ನವೀಕರಣಕ್ಕೆ ಬೇಕಾದ ಕಲಿಕೆಯ ಗಂಟೆಗಳು: ಪಶುವೈದ್ಯನಾಗಿ ನನ್ನ ಅನುಭವ

ಪರವಾನಗಿ ನವೀಕರಣದ ಗಡುವು ಹತ್ತಿರವಾದಾಗ ಪಶುವೈದ್ಯರು ಒಬ್ಬರನ್ನೊಬ್ಬರು ಕೇಳಿಕೊಳ್ಳುವುದು ‘ನಿಮಗೆ ಇನ್ನೆಷ್ಟು ಗಂಟೆ ಬಾಕಿ?’ ಎಂದು. ನವೀಕರಣಕ್ಕೆ ತೋರಿಸಬೇಕಾದ ಕಲಿಕೆಯ ಗಂಟೆಗಳ ಮಾತು ಅದು. ನಾನು ಲೆಕ್ಕವನ್ನು ಬೇರೆ ಕಡೆಯಿಂದ ಶುರು ಮಾಡುತ್ತೇನೆ. ಚಿಕಿತ್ಸಾಲಯದ ಮೇಜಿನ ಮೇಲೆ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಯಾವ ಪ್ರಾಣಿಯ ವಿಷಯದಲ್ಲಿ ನನ್ನ ಉತ್ತರ ನನಗೇ ಸಾಕೆನಿಸಲಿಲ್ಲವೋ ಅದನ್ನು ಅಂದೇ ಒಂದು ಸಾಲಿನಲ್ಲಿ ಬರೆಯುತ್ತೇನೆ. ನವೀಕರಣದ ಹೊಸ ಅವಧಿ ಶುರುವಾದಾಗ ಆ ಸಾಲುಗಳನ್ನೆಲ್ಲ ಓದಿ, ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಆರಿಸಿ, ಅವಕ್ಕೆ ತಕ್ಕ ಕೋರ್ಸ್ ಹುಡುಕುತ್ತೇನೆ. ಗಂಟೆಗಳು ತಾವಾಗಿ ತುಂಬುತ್ತವೆ.

ನಿಯಮಗಳು ಒಂದೊಂದು ಕಡೆ ಒಂದೊಂದು ಥರ. ಬ್ರಿಟನ್ನಿನಲ್ಲಿ ಪಶುವೈದ್ಯರ ನೋಂದಣಿ ನೋಡಿಕೊಳ್ಳುವ ರಾಯಲ್ ಕಾಲೇಜ್ ಆಫ್ ವೆಟರ್ನರಿ ಸರ್ಜನ್ಸ್ ವರ್ಷಕ್ಕೆ 35 ಗಂಟೆ ಕೇಳುತ್ತದೆ. ಕಲಿತದ್ದು ಕೆಲಸದಲ್ಲಿ ಏನನ್ನು ಬದಲಿಸಿತು ಎಂದು ಬರೆದಿಡುವುದೂ ಅಲ್ಲಿ 2022ರಿಂದ ಕಡ್ಡಾಯ. ಕ್ಯಾಲಿಫೋರ್ನಿಯಾದಲ್ಲಿ ಎರಡು ವರ್ಷಕ್ಕೆ 36 ಗಂಟೆ. ನಾಲ್ಕು ವರ್ಷಕ್ಕೊಮ್ಮೆ ಅದರಲ್ಲಿ ಒಂದು ಗಂಟೆಯಾದರೂ ಪ್ರತಿಜೈವಿಕಗಳ (ಆಂಟಿಬಯೋಟಿಕ್) ವಿವೇಚನೆಯ ಬಳಕೆಗೆ ಮೀಸಲಾಗಿರಬೇಕು. ಮೊದಲೇ ರೆಕಾರ್ಡ್ ಮಾಡಿದ ವೆಬಿನಾರ್‌ಗಳಿಂದ (ಆನ್‌ಲೈನ್ ಉಪನ್ಯಾಸ) ಇಷ್ಟೇ ಗಂಟೆ ಎಂಬ ಮಿತಿ ಹಾಕುವ ಪರವಾನಗಿ ಮಂಡಳಿಗಳೂ ಇವೆ. ಆದ್ದರಿಂದ ಶುಲ್ಕ ಕಟ್ಟುವ ಮೊದಲೇ ನಮ್ಮ ಮಂಡಳಿ ಆ ಸಂಸ್ಥೆಯನ್ನು ಒಪ್ಪುತ್ತದೆಯೇ, ಆ ಬಗೆಯ ಕೋರ್ಸನ್ನು ಎಣಿಸುತ್ತದೆಯೇ ಎಂದು ಬರವಣಿಗೆಯಲ್ಲಿ ಕೇಳಿಕೊಳ್ಳುವುದು ನನ್ನ ರೂಢಿ. ಕಡ್ಡಾಯ ವಿಷಯಗಳನ್ನು ಮೊದಲ ತಿಂಗಳುಗಳಲ್ಲೇ ಮುಗಿಸಿದರೆ ಉಳಿದ ಸಮಯವೆಲ್ಲ ನಮ್ಮ ಪ್ರಶ್ನೆಗಳಿಗೆ ಸಿಗುತ್ತದೆ.

ನನ್ನ ನೋಟ್‌ಬುಕ್‌ನಲ್ಲಿ ಅತಿ ಹೆಚ್ಚು ಸಲ ಬಂದ ಪ್ರಶ್ನೆ ಹೃದಯದ್ದು. ವಯಸ್ಸಾದ ಸಣ್ಣ ತಳಿಯ ನಾಯಿ, ಎದೆಯಲ್ಲಿ ಜೋರಾದ ಮರ್ಮರ (ಹೃದಯ ಬಡಿತದ ಜೊತೆ ಕೇಳುವ ಅಸಹಜ ಸದ್ದು), ಆದರೆ ಕೆಮ್ಮಿಲ್ಲ, ಏದುಸಿರಿಲ್ಲ. ಔಷಧಿ ಈಗಲೇ ಬೇಕೇ? ಹೃದಯದ ಎಡಭಾಗದ ಮೈಟ್ರಲ್ ಕವಾಟ ಸವೆದ ಇಂಥ ನಾಯಿಗಳಲ್ಲಿ ಹೃದಯ ವೈಫಲ್ಯದ ಲಕ್ಷಣ ಕಾಣುವ ಮೊದಲೇ ಔಷಧಿ ಕೊಟ್ಟು ಪ್ರಯೋಜನವಿದೆ ಎನ್ನಲು ಗಟ್ಟಿ ಆಧಾರ ಬಹುಕಾಲ ಇರಲಿಲ್ಲ. 2016ರಲ್ಲಿ ಬಂದ ಎಪಿಕ್ ಅಧ್ಯಯನ ಅದನ್ನು ಬದಲಿಸಿತು. ಹೃದಯ ಹಿಗ್ಗಿದ್ದು ಲಕ್ಷಣ ಇನ್ನೂ ಕಾಣದ ನಾಯಿಗಳಿಗೆ ಪಿಮೊಬೆಂಡಾನ್ ಎಂಬ ಹೃದಯದ ಔಷಧಿ ಕೊಟ್ಟಾಗ, ವೈಫಲ್ಯ ಅಥವಾ ಹೃದಯ ಸಂಬಂಧಿ ಸಾವು ಸರಾಸರಿ ಸುಮಾರು 15 ತಿಂಗಳು ಮುಂದಕ್ಕೆ ಹೋಯಿತು. ಸಾಕಿದವರ ಪಾಲಿಗೆ ಇದು ಬಲು ದೊಡ್ಡ ಅವಧಿ.

ಇಷ್ಟನ್ನು ಉಪನ್ಯಾಸ ಕೇಳಿಯೇ ತಿಳಿಯಬಹುದು. ತೊಡಕಿರುವುದು ‘ಹೃದಯ ಹಿಗ್ಗಿದೆ’ ಎಂಬ ಮಾತಿನಲ್ಲಿ. ಎಡ ಹೃತ್ಕರ್ಣದ (ಹೃದಯದ ಎಡ ಮೇಲಿನ ಕೋಣೆ) ಅಗಲ ಮಹಾಪಧಮನಿಯ ಅಗಲದ 1.6 ಪಟ್ಟು ಅಥವಾ ಅದಕ್ಕಿಂತ ಹೆಚ್ಚಿರಬೇಕು ಎಂಬುದು ಆ ಅಧ್ಯಯನದ ಅಳತೆಗಳಲ್ಲಿ ಒಂದು. ಅದನ್ನು ಅಳೆಯಲು ಅಲ್ಟ್ರಾಸೌಂಡ್ ಪ್ರೋಬ್ ಹಿಡಿದ ಕೈ ಪಳಗಿರಬೇಕು. ಹಾಗಾಗಿ ಆ ಅವಧಿಯ ಗಂಟೆಗಳಲ್ಲಿ ದೊಡ್ಡ ಪಾಲನ್ನು ಪ್ರಾಯೋಗಿಕ ಎಕೋ (ಹೃದಯದ ಅಲ್ಟ್ರಾಸೌಂಡ್) ತರಬೇತಿಗೆ ಕೊಟ್ಟೆ. ದುಬಾರಿಯಾಯಿತು, ಚಿಕಿತ್ಸಾಲಯಕ್ಕೆ ರಜೆ ಹಾಕಬೇಕಾಯಿತು. ಆದರೂ ಪಕ್ಕದಲ್ಲಿ ನಿಂತ ತಜ್ಞರು ‘ಪ್ರೋಬನ್ನು ಸ್ವಲ್ಪ ಓರೆ ಮಾಡಿ’ ಎಂದು ಮಣಿಕಟ್ಟು ತಿರುಗಿಸಿ ತೋರಿಸುವುದಕ್ಕೆ ಸಮನಾದ ವೆಬಿನಾರ್ ಇಲ್ಲ. ಅದೇ ತರಬೇತಿಯಲ್ಲಿ ಎಕ್ಸ್‌ರೇ ಮೇಲೆ ಹೃದಯದ ಉದ್ದಗಲವನ್ನು ಬೆನ್ನುಮೂಳೆಯ ಕಶೇರುಕಗಳ ಲೆಕ್ಕದಲ್ಲಿ ಅಳೆಯುವ ವಿಧಾನವನ್ನೂ ತಿದ್ದಿಕೊಂಡೆ. ಈಗ ಮರ್ಮರ ಕೇಳಿದ ನಾಯಿಯ ಕಡತದಲ್ಲಿ ‘ಹೃದಯ ದೊಡ್ಡದಿರಬಹುದು’ ಎಂದು ಬರೆಯುವುದಿಲ್ಲ, ಸಂಖ್ಯೆ ಬರೆಯುತ್ತೇನೆ. ಆರು ತಿಂಗಳ ನಂತರದ ಸಂಖ್ಯೆಯನ್ನು ಅದರೊಂದಿಗೆ ಹೋಲಿಸಬಹುದು.

ಕುರಿ-ಮೇಕೆಗಳ ಜಂತುಹುಳುವಿನ ವಿಷಯದಲ್ಲೂ ಕಲಿಕೆ ನನ್ನ ಸಲಹೆಯನ್ನೇ ಬದಲಿಸಿತು. ಇಡೀ ಮಂದೆಗೆ ಔಷಧಿ ಕುಡಿಸಿ ಹೊಸ ಹುಲ್ಲುಗಾವಲಿಗೆ ಹೊಡೆಯಿರಿ ಎಂಬ ಮಾತು ಹಿಂದೆ ಸಾಮಾನ್ಯವಾಗಿತ್ತು. ಹಾಗೆ ಮಾಡಿದಾಗ ಔಷಧಿಗೆ ಜಗ್ಗದ ಹುಳುಗಳಷ್ಟೇ ಉಳಿದು, ಹೊಸ ಹುಲ್ಲಿನ ಮೇಲೆ ಅವುಗಳ ಸಂತತಿಯೇ ಬೆಳೆಯುತ್ತದೆ. ಒಂದಿಷ್ಟು ಪ್ರಾಣಿಗಳಿಗೆ ಔಷಧಿ ಕೊಡದೆ ಬಿಟ್ಟರೆ, ಔಷಧಿಗೆ ಇನ್ನೂ ಸಾಯುವ ಹುಳುಗಳೂ ಮಂದೆಯಲ್ಲಿ ಉಳಿದು ನಿರೋಧಕತೆ ನಿಧಾನವಾಗುತ್ತದೆ. ಯಾವುದನ್ನು ಬಿಡಬೇಕು ಎಂದು ತಿಳಿಯಲು, ರಕ್ತ ಹೀರುವ ಹೀಮಾಂಕಸ್ ಹುಳುವಿಗಾಗಿ ದಕ್ಷಿಣ ಆಫ್ರಿಕಾದಲ್ಲಿ ರೂಪುಗೊಂಡ ಫಮಾಚಾ ಪಟ್ಟಿ ಇದೆ. ಕಣ್ಣಿನ ಕೆಳರೆಪ್ಪೆಯೊಳಗಿನ ಬಣ್ಣವನ್ನು 1ರಿಂದ 5ರವರೆಗಿನ ಚಿತ್ರಗಳೊಂದಿಗೆ ಹೋಲಿಸಿ, ಬಿಳಿಚಿದವಕ್ಕೆ ಮಾತ್ರ ಔಷಧಿ. ಇದನ್ನು ನಾನು ಕಲಿತು ಬಂದರಷ್ಟೇ ಸಾಲದು, ಮಂದೆಯ ಒಡೆಯರ ಕಣ್ಣೂ ಪಳಗಬೇಕು. ಅವರಿಗೆ ಹೇಳಿಕೊಡುವ ಆ ಗಂಟೆಗಳಿಗೆ ನನಗೆ ಕ್ರೆಡಿಟ್ ಸಿಗುವುದಿಲ್ಲ. ಆದರೆ ಕೋರ್ಸಿನ ನಿಜವಾದ ಫಲ ಅಲ್ಲೇ ಇದೆ ಎಂದು ನಂಬಿದ್ದೇನೆ.

ಸಿಪಿಆರ್ (ನಿಂತ ಹೃದಯವನ್ನು ಮತ್ತೆ ಬಡಿಯುವಂತೆ ಮಾಡುವ ತುರ್ತು ಚಿಕಿತ್ಸೆ) ತರಬೇತಿಗೆ ನಾನೊಬ್ಬನೇ ಹೋಗುವುದಿಲ್ಲ, ಸಹಾಯಕರನ್ನೂ ಕರೆದೊಯ್ಯುತ್ತೇನೆ. ಎದೆಯ ಮೇಲೆ ನಿಮಿಷಕ್ಕೆ 100ರಿಂದ 120 ಒತ್ತು, ಎರಡು ನಿಮಿಷ ತಡೆಯಿಲ್ಲದೆ, ನಂತರ ಕೈ ಬದಲು. ಇದು ಒಬ್ಬರಿಂದ ಆಗುವ ಕೆಲಸವಲ್ಲ, ಓದಿ ಬರುವಂಥದ್ದೂ ಅಲ್ಲ. ಸಂವಹನ, ನೀತಿಶಾಸ್ತ್ರದ ಗಂಟೆಗಳನ್ನು ಹಗುರವಾಗಿ ಕಾಣುವವರಿದ್ದಾರೆ. ದಯಾಮರಣದ ಮಾತನ್ನು ಮನೆಯವರ ಮುಂದೆ ಹೇಗೆ ತೆಗೆಯಬೇಕೆಂದು ಕಲಿಸಿದ್ದು ಅಂಥದ್ದೇ ಒಂದು ತರಗತಿ.

ಔಷಧ ಕಂಪನಿ ಪ್ರಾಯೋಜಿಸಿದ ಉಚಿತ ಉಪನ್ಯಾಸಗಳಿಗೂ ಹೋಗುತ್ತೇನೆ. ಅಲ್ಲಿ ಕೇಳಿದ ಔಷಧಿಯನ್ನು ಮಾತ್ರ ಮೂಲ ಪ್ರಬಂಧ ಓದುವವರೆಗೆ ಬರೆದುಕೊಡುವುದಿಲ್ಲ.

ಕಾಗದಪತ್ರದ ವಿಷಯ ಚಿಕ್ಕದು. ಪ್ರಮಾಣಪತ್ರದಲ್ಲಿ ಹೆಸರು ನೋಂದಣಿಯಲ್ಲಿರುವಂತೆಯೇ ಇರಲಿ. ದಿನಾಂಕ, ಗಂಟೆ, ಸಂಸ್ಥೆಯ ಮಾನ್ಯತೆ, ನೇರ ಕಾರ್ಯಕ್ರಮವೋ ರೆಕಾರ್ಡ್ ಮಾಡಿದ್ದೋ ಎಂಬುದು ಸ್ಪಷ್ಟವಾಗಿರಲಿ. ಸಿಕ್ಕ ದಿನವೇ ಅದನ್ನು ಸ್ಕ್ಯಾನ್ ಮಾಡಿ, ಪಕ್ಕದಲ್ಲಿ ಎರಡು ಸಾಲು ಬರೆಯುತ್ತೇನೆ: ಯಾವ ಪ್ರಶ್ನೆಗೆ ಹೋದೆ, ಚಿಕಿತ್ಸಾಲಯದಲ್ಲಿ ಏನು ಬದಲಾಯಿತು. ನವೀಕರಣ ಮುಗಿದರೂ ಕಡತವನ್ನು ಎಸೆಯುವುದಿಲ್ಲ, ಏಕೆಂದರೆ ತಪಾಸಣೆಗೆ ಕೇಳುವ ಮಂಡಳಿಗಳು ಹಿಂದಿನ ದಾಖಲೆಗಳನ್ನೂ ಕೇಳಬಹುದು. ಎರಡನೇ ಸಾಲು ಖಾಲಿ ಉಳಿದ ಕೋರ್ಸುಗಳೂ ಕೆಲವು ಇವೆ. ಅವನ್ನು ನಡೆಸುವವರ ಬಳಿಗೆ ಮತ್ತೆ ಹೋಗುವುದಿಲ್ಲ.