ಮಾತ್ರೆ ತಗೊಂಡ್ರೂ ಲೆವೆಲ್ ಏರ್ತಿರ್ಲಿಲ್ಲ: ಜೀನ್ ಟೆಸ್ಟ್ ಮಾಡಿಸೋಕೆ ಶುರು ಮಾಡಿದ್ದು ಹೀಗೆ

ಕಿಡ್ನಿ ಕಸಿ ಆದೋರಿಗೆ ಟ್ಯಾಕ್ರೋಲಿಮಸ್ (ದೇಹ ಹೊಸ ಕಿಡ್ನಿನ ತಿರಸ್ಕರಿಸದ ಹಾಗೆ ತಡೆಯೋ ಮಾತ್ರೆ) ಡೋಸ್ ಹೊಂದಿಸೋದು ನನ್ನ ದಿನನಿತ್ಯದ ಕೆಲಸ. ರಕ್ತದಲ್ಲಿ ಇದರ ಲೆವೆಲ್ ಕಮ್ಮಿ ಆದ್ರೆ ಹೀಗೆ ತಿರಸ್ಕರಿಸೋ ರಿಜೆಕ್ಷನ್ ಭಯ, ಜಾಸ್ತಿ ಆದ್ರೆ ಕೈ ನಡುಕ, ಶುಗರ್, ಕೊನೆಗೆ ಹೊಸ ಕಿಡ್ನಿಗೇ ಪೆಟ್ಟು.

ಕೆಲವು ವರ್ಷದ ಹಿಂದೆ ಒಬ್ರು ಪೇಷಂಟ್, ತೂಕ 60 ಕೆಜಿ, ಕಿಡ್ನಿ ಕೊಟ್ಟಿದ್ದು ಅವರ ಹೆಂಡತಿ. ದಿನಕ್ಕೆ 6 ಮಿಲಿಗ್ರಾಂ ಶುರು ಮಾಡಿದ್ವಿ, ಬೇಕಿದ್ದ ಲೆವೆಲ್ 8ರಿಂದ 10, ಬಂದಿದ್ದು 3.6, ಡೋಸ್ 8ಕ್ಕೆ ಏರಿಸಿದ್ರೂ ಲೆವೆಲ್ 5 ದಾಟ್ಲಿಲ್ಲ. ಆಗ ನಾನು ಕೇಳಿಬಿಟ್ಟೆ, "ಮಾತ್ರೆ ಸರಿಯಾಗಿ ತಗೊಳ್ತಿದೀರಾ, ನಿಜ ಹೇಳಿ." ಅವರ ಹೆಂಡತಿ ಮಾತಾಡದೆ ಬ್ಯಾಗಿಂದ ಒಂದು ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ರು. ಬೆಳಿಗ್ಗೆ 8, ರಾತ್ರಿ 8, ಒಂದು ದಿನಾನೂ ಬಿಡದೆ ಗೀಟು ಹಾಕಿ ಬರೆದಿದ್ರು. "ಅದು ನನ್ನ ಕಿಡ್ನಿ ಡಾಕ್ಟ್ರೇ, ಒಂದು ಹೊತ್ತು ತಪ್ಪೋಕೆ ಬಿಡ್ತೀನಾ?" ಅಂದ್ರು. ಆ ಮಾತು ಇವತ್ತಿಗೂ ಮರ್ತಿಲ್ಲ.

ಫಿಟ್ಸ್ ಮಾತ್ರೆ, ಟಿಬಿ ಮಾತ್ರೆ ಇದ್ರೆ ಲೆವೆಲ್ ಇಳಿಯುತ್ತೆ, ಅವೂ ಇರ್ಲಿಲ್ಲ. ಈ ಔಷಧಿ ಒಡೆಯೋ ಎನ್‌ಜೈಮಿನ ಜೀನ್ ಸಿವೈಪಿ3ಎ5, ಅದರ ಟೆಸ್ಟಿಗೆ ರಕ್ತ ಕಳಿಸಿದೆ. ಅಷ್ಟರಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸರಿಯಾಗಿ ಕೆಲಸ ಮಾಡದಿದ್ರೆ ರಕ್ತದಲ್ಲಿ ಹೆಚ್ಚೋ ಕಸ) ಏರಿ, ಬಯಾಪ್ಸಿಯಲ್ಲಿ ರಿಜೆಕ್ಷನ್ ಕಂಡು, ಮೂರು ದಿನ ಸ್ಟೀರಾಯ್ಡ್ ಇಂಜೆಕ್ಷನ್ ಕೊಡಬೇಕಾಯ್ತು. ಆಮೇಲೆ ರಿಪೋರ್ಟ್ ಬಂತು: ಅಪ್ಪ, ಅಮ್ಮನಿಂದ ಬಂದ ಜೀನಿನ ಎರಡೂ ಪ್ರತಿ ಸ್ಟಾರ್ 1 (ಎನ್‌ಜೈಮ್ ತಯಾರಾಗೋ ರೂಪ). ಅಂದ್ರೆ ಅವರ ಕರುಳು, ಲಿವರ್ ಎರಡೂ ಈ ಔಷಧಿನ ಬೇಗ ಬೇಗ ಒಡೆದು ಹಾಕ್ತಿದ್ವು. ಎರಡೂ ಪ್ರತಿ ಸ್ಟಾರ್ 3 ಇರೋರಲ್ಲಿ ಈ ಎನ್‌ಜೈಮ್ ಹೆಚ್ಚುಕಮ್ಮಿ ಇರೋದೇ ಇಲ್ಲ, ಅವರಿಗೆ ಮಾಮೂಲಿ ಡೋಸ್ ಸಾಕು. ಒಂದೇ ಒಂದು ಪ್ರತಿ ಸ್ಟಾರ್ 1 ಇದ್ರೂ ಒಂದೂವರೆಯಿಂದ ಎರಡು ಪಟ್ಟು ಬೇಕಾಗುತ್ತೆ. ಇವರಿಗೆ 12 ಮಿಲಿಗ್ರಾಂ ಕೊಟ್ಟ ಮೇಲೆ ಲೆವೆಲ್ 9ಕ್ಕೆ ಬಂತು, ಕಿಡ್ನಿ ಉಳೀತು.

ಜೀನ್ ಅಂದ ತಕ್ಷಣ ಎಲ್ಲರೂ ಎಚ್‌ಎಲ್‌ಎ ಮ್ಯಾಚಿಂಗ್ (ಕೊಟ್ಟೋರ, ತಗೊಂಡೋರ ಅಂಗಾಂಶದ ಗುರುತು ಹೊಂದುತ್ತಾ ಅಂತ ನೋಡೋದು) ಅಷ್ಟೇ ಅಂದ್ಕೋತಾರೆ. ಅದು ಮುಖ್ಯಾನೇ, ಒಡಹುಟ್ಟಿದೋರಲ್ಲಿ ಪೂರ್ತಿ ಮ್ಯಾಚ್ ಆಗೋ ಸಾಧ್ಯತೆ ನಾಲ್ಕರಲ್ಲಿ ಒಂದು. ಆದ್ರೆ ಮಾತ್ರೆ ವಿಷಯಕ್ಕೆ ಮುಖ್ಯವಾಗಿ ನೋಡಬೇಕಾಗಿರೋದು ಕಿಡ್ನಿ ತಗೊಂಡೋರ ಜೀನ್, ಕೊಟ್ಟೋರದ್ದಲ್ಲ.

ಈಗ ನಾನು ಆಪರೇಷನ್ನಿಗೆ ಮುಂಚಿನ ಟೆಸ್ಟ್‌ಗಳ ಜೊತೆಗೇ ಈ ಸಿವೈಪಿ3ಎ5 ಟೆಸ್ಟನ್ನೂ ಬರೀತೀನಿ, ಜೀವನದಲ್ಲಿ ಒಂದೇ ಸಲ ಮಾಡಿಸಿದ್ರೆ ಸಾಕು. ಸ್ಟಾರ್ 1 ಇದ್ರೆ ಮೊದಲ ದಿನದಿಂದಲೇ ಒಂದೂವರೆ ಪಟ್ಟು. ಹಾಗಂತ ಲೆವೆಲ್ ನೋಡೋದು ಬಿಡಲ್ಲ, ಯಾಕಂದ್ರೆ ಫಂಗಸ್ ಸೋಂಕಿನ ಮಾತ್ರೆ ಫ್ಲುಕೊನಜೋಲ್ ಕೊಟ್ರೆ ಅಥವಾ ಭೇದಿ ಶುರುವಾದ್ರೆ ಜೀನ್ ಏನೇ ಇರ್ಲಿ ಲೆವೆಲ್ ಸರ್ರನೆ ಏರುತ್ತೆ. ಜೀನ್ ನೋಡಿ ಡೋಸ್ ಕೊಟ್ರೆ ಬೇಗ ಸರಿಯಾದ ಲೆವೆಲ್ ಸಿಗುತ್ತೆ ಅಂತ ಟ್ರಯಲ್‌ಗಳು ತೋರಿಸಿವೆ, ರಿಜೆಕ್ಷನ್ನೇ ಕಮ್ಮಿ ಆಗುತ್ತೆ ಅಂತ ಇನ್ನೂ ಗಟ್ಟಿಯಾಗಿ ಸಾಬೀತಾಗಿಲ್ಲ, ಪೇಷಂಟ್‌ಗೂ ಹಾಗೇ ಹೇಳ್ತೀನಿ.

ಮತ್ತೆ ಲೆವೆಲ್ ಹೆಚ್ಚುಕಮ್ಮಿ ಬಂದ್ರೆ ಈಗ ಮೊದಲು ಕೇಳೋದು, ಬೆಳಗಿನ ಮಾತ್ರೆ ನುಂಗೋ ಮುಂಚೆ ರಕ್ತ ಕೊಟ್ರಾ, ಬೇರೆ ಯಾವ ಮಾತ್ರೆ ಸೇರ್ಕೊಂಡಿದೆ ಅಂತ.